ಕೈ ತೊಳೆಯಿರಿ ಅನ್ನೋಕೆ ಪಿಎಚ್‌ಡಿ ಯಾಕೆ?

ಪ್ರಶ್ನೆ: ಮೇಡಂ, ನಾನು ನರ್ಸಿಂಗ್ ಮುಗಿಸಿ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಸಾರ್ವಜನಿಕ ಆರೋಗ್ಯ ಶಿಕ್ಷಣ ಓದಿ ಅಧ್ಯಾಪಕಿಯಾಗುವ ಆಸೆ. ‘ಕೈ ತೊಳೆಯಿರಿ ಅಂತ ಹೇಳೋಕೆ ಪಿಎಚ್‌ಡಿ ಯಾಕೆ?’ ಎಂದು ಮನೆಯವರು ನಗುತ್ತಾರೆ. ಇದರಲ್ಲಿ ಸಂಶೋಧನೆ ಮಾಡೋಕೆ ಏನಿದೆ?
– ಒಬ್ಬ ಓದುಗಿ

ಉತ್ತರ: ಹೇಳೋಕೆ ಬೇಡಮ್ಮ. ಹೇಳಿದ ಮೇಲೂ ಜನ ಯಾಕೆ ತೊಳೆಯಲ್ಲ ಅಂತ ತಿಳಿಯೋಕೆ ಬೇಕು. ನಾನೂ ವಾರ್ಡಿನಿಂದಲೇ ಈ ಕಡೆ ಬಂದವಳು.

1950ರ ದಶಕದ ಅಮೆರಿಕದಲ್ಲಿ ಕ್ಷಯ ಪತ್ತೆಗೆ ಎಕ್ಸ್‌ರೇ ಗಾಡಿಗಳು ಜನ ಇದ್ದಲ್ಲಿಗೇ ಹೋಗುತ್ತಿದ್ದವು. ಆದರೂ ಎಷ್ಟೋ ಜನ ಹತ್ತಿರ ಸುಳಿಯಲಿಲ್ಲ. ಗಾಡ್‌ಫ್ರೀ ಹಾಕ್‌ಬಾಮ್ ಎಂಬ ಸಂಶೋಧಕರು ಬಾಸ್ಟನ್, ಕ್ಲೀವ್‌ಲ್ಯಾಂಡ್, ಡೆಟ್ರಾಯಿಟ್‌ಗಳಲ್ಲಿ ಜನರನ್ನೇ ಕೇಳಿದರು. ‘ಆರಾಮಾಗಿದ್ದರೂ ನನಗೆ ಕ್ಷಯ ಇರಬಹುದು’, ‘ಬೇಗ ಗೊತ್ತಾದರೆ ಒಳ್ಳೆಯದು’ – ಈ ಎರಡನ್ನೂ ನಂಬಿದವರಲ್ಲಿ ಶೇ. 82ರಷ್ಟು ಮಂದಿ ತಾವಾಗಿಯೇ ಎಕ್ಸ್‌ರೇ ತೆಗೆಸಿದ್ದರು. ಎರಡನ್ನೂ ನಂಬದವರಲ್ಲಿ ಶೇ. 21 ಮಾತ್ರ. ಆರೋಗ್ಯದ ವಿಷಯದಲ್ಲಿ ಜನ ಏನು ಮಾಡುತ್ತಾರೆ ಎಂಬುದನ್ನು ಅವರ ನಂಬಿಕೆಗಳಿಂದ ವಿವರಿಸುವ ‘ಹೆಲ್ತ್ ಬಿಲೀಫ್ ಮಾಡೆಲ್’ ಬೆಳೆದದ್ದು ಇಂಥ ಕೆಲಸದಿಂದ. ಈಗ ಕಂಡಕಂಡ ಥೀಸಿಸ್‌ಗೆಲ್ಲ ಅದನ್ನೇ ಅಂಟಿಸುತ್ತಾರೆ, ಅದು ಬೇರೆ ಮಾತು!

ನನ್ನ ಆಸಕ್ತಿ ಇನ್ನೂ ಚಿಕ್ಕದು: ಔಷಧಿ ಡಬ್ಬಿಯ ಮೇಲಿನ ಚೀಟಿ. 2006ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 395 ರೋಗಿಗಳಿಗೆ ಔಷಧಿ ಲೇಬಲ್‌ಗಳನ್ನು ಓದಿಸಿದರು. ಒಂದರಲ್ಲಿ ‘ಎರಡು ಮಾತ್ರೆ, ದಿನಕ್ಕೆ ಎರಡು ಸಲ’ ಎಂದಿತ್ತು. ಓದು ಕಡಿಮೆ ಬರುವವರಲ್ಲೂ ಸುಮಾರು ಶೇ. 71ರಷ್ಟು ಮಂದಿ ಇದನ್ನು ಸರಿಯಾಗಿಯೇ ಹೇಳಿದರು. ದಿನಕ್ಕೆ ಎಷ್ಟು ಮಾತ್ರೆ ಆಗುತ್ತೆ, ಎಣಿಸಿ ತೋರಿಸಿ ಎಂದಾಗ? ನಾಲ್ಕು ತೋರಿಸಿದವರು ಸುಮಾರು ಶೇ. 35. ‘ಅರ್ಥ ಆಯ್ತಾ?’ ಎಂದು ಕೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ, ಅಲ್ವಾ? ಅದಕ್ಕೇ ನನ್ನ ವಿದ್ಯಾರ್ಥಿಗಳಿಗೆ ಆ ಪ್ರಶ್ನೆ ಕೇಳಲು ಬಿಡುವುದಿಲ್ಲ. ‘ಮನೆಗೆ ಹೋಗಿ ಹೇಗೆ ತಗೋತೀರಿ, ಒಮ್ಮೆ ತೋರಿಸಿ’ ಅನ್ನಬೇಕು. ತಪ್ಪಿದರೆ ತಪ್ಪು ನಾವು ಹೇಳಿದ ರೀತಿಯದು.

ದಾರಿ ಹೇಳುವುದಾದರೆ, ಮೊದಲು ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ), ಆಮೇಲೆ ಸ್ವಲ್ಪ ಕಾಲ ಫೀಲ್ಡ್ ಕೆಲಸ, ನಂತರ ಪಿಎಚ್‌ಡಿ. ಸಂಖ್ಯಾಶಾಸ್ತ್ರಕ್ಕೆ ಹೆದರಬೇಡಿ, ಆದರೆ ತಪ್ಪಿಸಿಕೊಳ್ಳಲೂ ಬೇಡಿ. ಅಧ್ಯಾಪಕಿಯಾದ ಮೇಲೆ ಪಾಠಕ್ಕಿಂತ ಅನುದಾನದ ಅರ್ಜಿ, ಎಥಿಕ್ಸ್ ಕಮಿಟಿಯ ಕಾಗದಗಳಿಗೇ ಜಾಸ್ತಿ ಹೊತ್ತು ಹೋಗುವ ದಿನಗಳೂ ಇರುತ್ತವೆ. ವಾರ್ಡ್ ಕೆಲಸ ಸದ್ಯಕ್ಕೆ ಬಿಡಬೇಡಿ. ಡಿಸ್ಚಾರ್ಜ್ ಆಗುವವರು ಬಾಗಿಲ ತನಕ ಹೋಗಿ ಮತ್ತೆ ಬಂದು ಏನು ಕೇಳುತ್ತಾರೋ ಬರೆದಿಡಿ. ಪಿಎಚ್‌ಡಿ ವಿಷಯ ಅದರಲ್ಲೇ ಸಿಗಬಹುದು.