ಫುಟ್‌ಪಾತಿನಲ್ಲಿ ಮಲಗಿದರೆ ಯಾರಿಗೆ ಖರ್ಚು?

ಪ್ರಶ್ನೆ: ಮಂಗಳೂರಿನ ಹಂಪನಕಟ್ಟೆ ಕಡೆ ಅಂಗಡಿ ಜಗಲಿಯಲ್ಲಿ ಮಲಗುವವರಿಗೆ ಸರ್ಕಾರ ಏನೂ ಖರ್ಚು ಮಾಡಲ್ಲ, ಅಲ್ವಾ? ಲೆಕ್ಕ ಹಾಕೋದು ಹೇಗೆ?

ಉತ್ತರ: ಮಾಡುತ್ತದೆ, ಆದರೆ ಚೂರುಚೂರಾಗಿ. ಕಾಲಿನ ಹುಣ್ಣಿಗೆ ವೆನ್ಲಾಕ್ ಸರ್ಕಾರಿ ಆಸ್ಪತ್ರೆಯಲ್ಲಿ ಡ್ರೆಸ್ಸಿಂಗ್ ಆಗುತ್ತದೆ, ಆಮೇಲೆ ಮಳೆಗಾಲದ ಒದ್ದೆ ಸಿಮೆಂಟಿನ ಮೇಲೇ ಮಲಗಿದರೆ ಅದು ಮತ್ತೆ ಕೀವಾಗಿ, 108 ಆಂಬುಲೆನ್ಸ್, ಮತ್ತೆ ವಾರ್ಡು. ಪೊಲೀಸರದ್ದು, ಪಾಲಿಕೆಯದ್ದು ಬೇರೆ ಬೇರೆ ಪುಸ್ತಕ. ಒಟ್ಟು ಕೂಡಿಸುವವರಿಲ್ಲ.

ದಾರಿ ಇದೆ: ಕೆಲವರ ಒಪ್ಪಿಗೆ ಪಡೆದು ಅವರ ಒಂದು ವರ್ಷದ ದಾಖಲೆಗಳನ್ನೆಲ್ಲ ಒಟ್ಟುಗೂಡಿಸಿ, ಆಶ್ರಯ ಕೊಟ್ಟ ಮೇಲಿನ ವರ್ಷದ ಜೊತೆ ಹೋಲಿಸಬೇಕು. ತೀರಾ ಕಾಯಿಲೆಯವರನ್ನಷ್ಟೇ ಆರಿಸಿ ಎಲ್ಲರಿಗೂ ಗುಣಿಸಿದರೆ ಲೆಕ್ಕ ಸುಮ್ನೆ ಉಬ್ಬುತ್ತದೆ. ಒಂದು ಹಾಸಿಗೆ ಖಾಲಿಯಾದರೆ ಆಸ್ಪತ್ರೆಯ ಸಂಬಳದ ಬಿಲ್ ಇಳಿಯಲ್ಲ, ಅದೂ ನೆನಪಿರಲಿ. ಉಳಿತಾಯ ಬರದಿದ್ದರೂ ನಗರದ ಪ್ರತಿ ಲಕ್ಷ ಜನಸಂಖ್ಯೆಗೊಂದು ಆಶ್ರಯ ಕೇಂದ್ರ ಕೊಡಲೇಬೇಕು, ಸುಪ್ರೀಂ ಕೋರ್ಟೇ ಹೇಳಿದೆ.