ಹಾರ್ಡಿ ಕಾದಂಬರಿ ಬಿಟ್ಟದ್ದೇಕೆ? – ಸಂಪಾದಕರ ಉತ್ತರ

ಧಾರವಾಡದ ಓದುಗರೊಬ್ಬರು ಕೇಳಿದ್ದಾರೆ: ‘ಇಂಗ್ಲಿಷ್ ಕಾದಂಬರಿಕಾರ ಥಾಮಸ್ ಹಾರ್ಡಿ “ಜೂಡ್ ದಿ ಅಬ್‌ಸ್ಕ್ಯೂರ್”ಗೆ ಬಂದ ಬೈಗುಳಕ್ಕೆ ನೊಂದು ಕಾದಂಬರಿ ಬಿಟ್ಟ ಎಂದು ಬಿ.ಎ.ಯಲ್ಲಿ ಓದಿದ್ದೆ. ಹಾಗಾದರೆ ಆಮೇಲಿನ ಕವಿತೆಗಳು ನಿವೃತ್ತರ ಹವ್ಯಾಸವೇ? ಓದುವುದಾದರೆ ಎಲ್ಲಿಂದ ಶುರು ಮಾಡಲಿ?’

ಮಾನ್ಯರೇ,

ನೀವು ಓದಿದ್ದು ಹಾರ್ಡಿಯದೇ ಮಾತು. ಜೂಡ್‌ನ ಅನುಭವ ತನಗೆ ಕಾದಂಬರಿಯ ಆಸಕ್ತಿಯನ್ನೇ ಬಿಡಿಸಿತೆಂದು 1912ರ ಮುನ್ನುಡಿ ಟಿಪ್ಪಣಿಯಲ್ಲಿ ಬರೆದಿದ್ದಾನೆ. ವೇಕ್‌ಫೀಲ್ಡಿನ ಬಿಷಪ್ ಪುಸ್ತಕವನ್ನು ಬೆಂಕಿಗೆ ಹಾಕಿದೆನೆಂದು ಪತ್ರಿಕೆಗೆ ಬರೆದದ್ದೂ ನಿಜ. (ನನ್ನನ್ನೇ ಸುಡಲಾಗದ ಹತಾಶೆ ಇರಬೇಕು ಎಂದು ಹಾರ್ಡಿ ಕುಟುಕಿದ.) ಆದರೆ ಅವನ ಮಾತನ್ನು ಪೂರ್ತಿ ನಂಬಬೇಡಿ.

ಕವಿತೆಯೇ ಮೊದಲು. 1860ರ ದಶಕದಲ್ಲಿ, ಲಂಡನ್ನಿನ ವಾಸ್ತುಶಿಲ್ಪಿಯೊಬ್ಬರ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದಾಗ, ಪತ್ರಿಕೆಗಳಿಗೆ ಕವಿತೆ ಕಳಿಸಿದ, ಯಾರೂ ತೆಗೆದುಕೊಳ್ಳಲಿಲ್ಲ. ‘ನ್ಯೂಟ್ರಲ್ ಟೋನ್ಸ್’ 1867ರದು. ಅದು ಪುಸ್ತಕದಲ್ಲಿ ಅಚ್ಚಾದದ್ದು 1898ರಲ್ಲಿ, ಮೊದಲ ಸಂಕಲನ ‘ವೆಸೆಕ್ಸ್ ಪೊಯಮ್ಸ್’ ಬಂದಾಗ. ನಡುವಿನದು ಹೊಟ್ಟೆಪಾಡಿನ ಕಾಲ. ‘ಡೆಸ್ಪರೇಟ್ ರೆಮಿಡೀಸ್’ (1871) ಅಚ್ಚಾಗಲು ಪ್ರಕಾಶಕರಿಗೆ ತಾನೇ 75 ಪೌಂಡ್ ಕೊಟ್ಟ. 1874ರಲ್ಲಿ ‘ಫಾರ್ ಫ್ರಂ ದಿ ಮ್ಯಾಡಿಂಗ್ ಕ್ರೌಡ್’ ಕಾರ್ನ್‌ಹಿಲ್ ಮಾಸಿಕದಲ್ಲಿ ಧಾರಾವಾಹಿಯಾಗಿ ಗೆದ್ದ ಮೇಲೆ ಬರವಣಿಗೆಯೇ ಕಸುಬಾಯಿತು.

ಈ ಧಾರಾವಾಹಿಯ ದುಡ್ಡಿಗೆ ತೆತ್ತದ್ದೂ ಬಹಳ. ವಾರಪತ್ರಿಕೆಗೆ ಪ್ರತಿ ಕಂತಿನಲ್ಲೂ ಒಂದು ಘಟನೆ ಬೇಕು. ‘ದಿ ಮೇಯರ್ ಆಫ್ ಕ್ಯಾಸ್ಟರ್‌ಬ್ರಿಜ್’ನಲ್ಲಿ (1886) ತಿರುವುಗಳು ಒಂದರ ಮೇಲೊಂದು ಬೀಳುವುದು ಅದಕ್ಕೇ. ಮನೆಮಂದಿಯೆಲ್ಲ ಕೂತು ಓದುವ ಪತ್ರಿಕೆಯೆಂದ ಮೇಲೆ ಮಡಿಯೂ ಬೇಕು. ಹಳ್ಳಿಹುಡುಗಿಯೊಬ್ಬಳ ದುರಂತದ ಕಾದಂಬರಿ ‘ಟೆಸ್’ ಅನ್ನು ಎರಡು ಮಾಸಿಕಗಳು ನಿರಾಕರಿಸಿದವು. 1891ರಲ್ಲಿ ‘ಗ್ರಾಫಿಕ್’ ವಾರಪತ್ರಿಕೆಗೆ ಕೊಡುವಾಗ ಹಾರ್ಡಿ ಟೆಸ್‌ಳ ಶೀಲಭಂಗವನ್ನೂ ಮಗುವಿನ ದೀಕ್ಷಾಸ್ನಾನವನ್ನೂ ಕಿತ್ತು, ಬೇರೆ ಪತ್ರಿಕೆಗಳಲ್ಲಿ ಬಿಡಿಬಿಡಿಯಾಗಿ ಪ್ರಕಟಿಸಿದ. ನೀರು ನಿಂತ ದಾರಿಯಲ್ಲಿ, ಮುಂದೆ ಟೆಸ್‌ಳನ್ನು ಮದುವೆಯಾಗುವ ಏಂಜಲ್ ಕ್ಲೇರ್ ಹಾಲು ಕರೆಯುವ ಹುಡುಗಿಯರನ್ನು ಎತ್ತಿಕೊಂಡು ದಾಟಿಸುವ ಪ್ರಸಂಗವಿದೆಯಲ್ಲ, ಗ್ರಾಫಿಕ್‌ನಲ್ಲಿ ಅವರನ್ನು ಕೈಗಾಡಿಯಲ್ಲಿ ಕೂರಿಸಿ ತಳ್ಳುತ್ತಾನೆ! ಸಂಪಾದಕರ ಜಾತಿಗೇ ಸೇರಿದವನಾಗಿ ಇದನ್ನು ಬರೆಯಲು ಮುಜುಗರವಾಗುತ್ತದೆ. ಬಿಷಪ್ಪನ ಬೆಂಕಿಗಿಂತ ಈ ಕೈಗಾಡಿಯೇ ಹಾರ್ಡಿಯನ್ನು ಹೆಚ್ಚು ದಣಿಸಿತೆಂಬುದು ನಮ್ಮ ಅಂದಾಜು. ಟೆಸ್, ಜೂಡ್ ಎರಡರಿಂದ ಕೈಯಲ್ಲಿ ಕಾಸು ನಿಂತ ಮೇಲೆ ಅವನಿಗೆ ಧಾರಾವಾಹಿಯ ಹಂಗು ಬೇಕಿರಲಿಲ್ಲ. ತಮಾಷೆಯೆಂದರೆ, 1900ರ ಡಿಸೆಂಬರಿನಲ್ಲಿ ‘ದಿ ಡಾರ್ಕ್‌ಲಿಂಗ್ ಥ್ರಷ್’ ಕವಿತೆ ಮೊದಲು ಅಚ್ಚಾದದ್ದು ಅದೇ ಗ್ರಾಫಿಕ್‌ನಲ್ಲಿ.

ಎಂಟು ಸಂಕಲನ, ಒಂಬೈನೂರಕ್ಕೂ ಹೆಚ್ಚು ಕವಿತೆ. ಹವ್ಯಾಸಕ್ಕೆ ಇಷ್ಟು ಬರೆಯುವವರಿಲ್ಲ.

ಓದಲು ಶುರು ಮಾಡಬೇಕಾದದ್ದು ‘ಪೊಯಮ್ಸ್ ಆಫ್ 1912–13’ ಗುಚ್ಛದಿಂದ. 1914ರ ‘ಸಟೈರ್ಸ್ ಆಫ್ ಸರ್ಕಮ್‌ಸ್ಟನ್ಸ್’ ಸಂಕಲನದಲ್ಲಿದೆ, ಈಗ ಇಪ್ಪತ್ತೊಂದು ಕವಿತೆ. ಹೆಂಡತಿ ಎಮ್ಮಾ ತೀರಿಕೊಂಡದ್ದು 1912ರ ನವೆಂಬರ್ 27ರಂದು. ವರ್ಷಗಟ್ಟಲೆ ಒಂದೇ ಮನೆಯಲ್ಲಿ ದೂರವಾಗಿ ಬದುಕಿದ್ದವರು. ಮರುಮಾರ್ಚಿನಲ್ಲಿ ಹಾರ್ಡಿ, ಅವಳನ್ನು ಮೊದಲು ಕಂಡ ಕಾರ್ನ್‌ವಾಲಿನ ಕಡಲತೀರಕ್ಕೆ ಹೋದ. ‘ದಿ ವಾಯ್ಸ್’ ಅನ್ನು ಗಟ್ಟಿಯಾಗಿ ಓದಿ: ಒತ್ತುಳ್ಳದ್ದು ಒಂದು, ಇಲ್ಲದವು ಎರಡು, ಹೀಗೆ ಮೂರರ ನಡೆ, ಉತ್ಸಾಹ ರಗಳೆ ಕೇಳಿದ ಕಿವಿಗೆ ತಟ್ಟನೆ ಹಿಡಿಸುತ್ತದೆ. ಮೂರು ಚರಣ ಹಾಗೆ ಓಡಿ, ಕೊನೆಯದರಲ್ಲಿ ಲಯ ಬೇಕೆಂತಲೇ ಎಡವುತ್ತದೆ, ಸಾಲುಗಳು ಮೊಟಕಾಗುತ್ತವೆ. ಕಣ್ಣಲ್ಲಿ ಓದಿದರೆ ಇದು ತಪ್ಪಿಹೋಗುತ್ತದೆ. ಆಮೇಲೆ ‘ಆಫ್ಟರ್ ಎ ಜರ್ನಿ’. ನೆಪೋಲಿಯನ್ ಯುದ್ಧಗಳ ಪದ್ಯನಾಟಕ ‘ದಿ ಡೈನಾಸ್ಟ್ಸ್’ (1904–08) ಮೂರು ಭಾಗ, 130 ದೃಶ್ಯ. ಈಗಲೇ ಕೈ ಹಾಕಬೇಡಿ.

ಟೆಸ್ ಕೊಳ್ಳುವಾಗ 1912ರ ವೆಸೆಕ್ಸ್ ಆವೃತ್ತಿಯ (ಹಾರ್ಡಿಯೇ ತಿದ್ದಿಕೊಟ್ಟ ಸಮಗ್ರ ಕೃತಿಗಳ ಮುದ್ರಣ) ಪಾಠವೇ ಎಂದು ನೋಡಿ. ಹತ್ತನೆಯ ಅಧ್ಯಾಯದಲ್ಲಿ ಹುಲ್ಲಿನ ವ್ಯಾಪಾರಿಯ ಮನೆಯಲ್ಲಿ ಧೂಳೆಬ್ಬಿಸುವ ರಾತ್ರಿ ಕುಣಿತವಿದ್ದರೆ ಸರಿ. ಹಿಂದಿನ ಆವೃತ್ತಿಗಳಲ್ಲಿ ಅದಿಲ್ಲ. ಜೀವನಚರಿತ್ರೆ ಬೇಕೆಂದು ಎರಡನೆಯ ಹೆಂಡತಿ ಫ್ಲಾರೆನ್ಸ್ ಹೆಸರಿನಲ್ಲಿ 1928, 1930ರಲ್ಲಿ ಬಂದ ಎರಡು ಸಂಪುಟ ಹಿಡಿದರೆ, ಅದರ ಬಹುಪಾಲು ಹಾರ್ಡಿಯೇ ಗುಟ್ಟಾಗಿ ಬರೆದಿಟ್ಟದ್ದು ಎಂಬುದು ನೆನಪಿರಲಿ.

– ಸಂಪಾದಕ