ಗಂಡನಿಗೆ ಹಿಮಶಿಖರದ ಹುಚ್ಚು: ಕಳಿಸಲೋ, ಬೇಡವೋ?

ಪ್ರಶ್ನೆ: ನಾವು ಕಾರವಾರದವರು. ಗಂಡನಿಗೆ 36 ವರ್ಷ, ಬ್ಯಾಂಕ್ ನೌಕರಿ. ಮಗಳಿಗೆ ಮೂರು. ದಿನಾ ಬೆಳಿಗ್ಗೆ ಬೀಚಿನಲ್ಲಿ ಎಂಟು ಕಿಲೋಮೀಟರ್ ಓಡುತ್ತಾರೆ. ಹೋದ ವರ್ಷ ಸ್ನೇಹಿತರ ಜತೆ ಹಿಮಾಚಲದ ಹಂಪ್ತಾ ಪಾಸ್ ಎಂಬ ಎತ್ತರದ ಕಣಿವೆದಾರಿಗೆ ಹೋಗಿ ಬಂದರು. ಈಗ ಆಗಸ್ಟ್‌ನಲ್ಲಿ ಲಡಾಖಿನ ಕಾಂಗ್ ಯಾತ್ಸೆ-2 ಶಿಖರ ಹತ್ತುತ್ತೇನೆಂದು ಮುಂಗಡ ಕಟ್ಟಿದ್ದಾರೆ. ವೇಳಾಪಟ್ಟಿ ಜತೆಗಿಟ್ಟಿದ್ದೇನೆ. ಹಂಪ್ತಾದಲ್ಲಿ ಒಂದು ರಾತ್ರಿಯಿಡೀ ವಾಂತಿ ಮಾಡಿಕೊಂಡು, ಬೆಳಿಗ್ಗೆ ಕುಡಿದವರ ಹಾಗೆ ತೂರಾಡುತ್ತ ಪಾಸ್ ಕಡೆಗೆ ನಡೆದರಂತೆ. ಸ್ನೇಹಿತರು ಮನೆಗೆ ಊಟಕ್ಕೆ ಬಂದಾಗ ನಗುತ್ತಾ ಹೇಳಿದರು. ಇವರು 'ಗ್ಯಾಸ್ಟ್ರಿಕ್' ಅಂದುಬಿಟ್ಟರು. ಅತ್ತೆಗೆ ಇನ್ನೂ ಯಾವುದೂ ಗೊತ್ತಿಲ್ಲ. ತಡೆದರೆ ನಾನು ಕೆಟ್ಟವಳು, ಕಳಿಸಿದರೆ ನನಗೆ ನಿದ್ದೆ ಇಲ್ಲ. ಏನು ಮಾಡಲಿ?

ಉತ್ತರ: ಸಹೋದರಿ, ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಗಂಭೀರವಾದದ್ದು ಆ ತಮಾಷೆಯ ಮಾತೇ. ತಲೆನೋವು, ವಾಕರಿಕೆ, ನಿದ್ದೆಗೇಡು 2,500 ಮೀಟರಿನ ಮೇಲೆ ಯಾರಿಗೂ ಬರಬಹುದು. ಮೇಲೆ ಹೋಗದೆ ಒಂದೆರಡು ದಿನ ಅಲ್ಲೇ ನಿಂತರೆ ಸಾಮಾನ್ಯವಾಗಿ ತಗ್ಗುತ್ತದೆ. ತೂರಾಟ ಹಾಗಲ್ಲ. ಮಿದುಳಿನಲ್ಲಿ ಊತ ಶುರುವಾಗಿದೆ ಎಂದೇ ಅದನ್ನು ಹಿಡಿಯಬೇಕು. ಬರೀ ದಣಿವೂ ಇದ್ದೀತು, ಆದರೆ ಆ ಎತ್ತರದಲ್ಲಿ ಹಾಗೆಂದು ಸಮಾಧಾನ ಮಾಡಿಕೊಳ್ಳುವಂತಿಲ್ಲ. ಪರೀಕ್ಷೆ ಸುಲಭದ್ದು: ಒಂದು ಪಾದದ ಹಿಮ್ಮಡಿ ಇನ್ನೊಂದರ ಹೆಬ್ಬೆರಳಿಗೆ ತಾಗುವಂತೆ ನೇರ ಗೆರೆಯಲ್ಲಿ ಹತ್ತು ಹೆಜ್ಜೆ. ಕಾಲು ಪಕ್ಕಕ್ಕೆ ಬಿದ್ದರೆ ಬೆಳಗಾಗಲಿ ಅನ್ನದೆ ಜತೆಗೊಬ್ಬರನ್ನು ಹಾಕಿ ಇಳಿಸಬೇಕು, 300ರಿಂದ 1,000 ಮೀಟರ್ ಕೆಳಕ್ಕೆ. ಆಮ್ಲಜನಕ, ಊತ ತಗ್ಗಿಸುವ ಡೆಕ್ಸಾಮೆಥಾಸೋನ್ ಮದ್ದು ಕೊಟ್ಟರೂ ಇಳಿಯುವುದು ತಪ್ಪುವುದಿಲ್ಲ. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು, ಕೊನೆಗೆ ಗುಲಾಬಿ ನೊರೆಯ ಕಫ ಬಂದರೆ ಅದು ಶ್ವಾಸಕೋಶಕ್ಕೆ ನೀರು ತುಂಬುತ್ತಿರುವ ಲಕ್ಷಣ. ಆಗಲೂ ಇಳಿಯುವುದೇ ಮೊದಲ ಚಿಕಿತ್ಸೆ. ನಿಮ್ಮವರು ತೂರಾಡುತ್ತ ಹೋದದ್ದು ಇನ್ನೂ ಮೇಲಕ್ಕೆ, 4,270 ಮೀಟರಿನ ಪಾಸ್‌ಗೆ. ಅದೇ ದಿನ ಆ ಕಡೆ ಇಳಿಯುವ ದಾರಿ ಇದ್ದದ್ದು ಪುಣ್ಯ.

ಬೀಚಿನ ಓಟ ಕಾಲಿಗೆ ಬಲ ಕೊಡುತ್ತದೆ, ಎತ್ತರದ ಈ ಕಾಯಿಲೆಯಿಂದ ಕಾಯುವುದಿಲ್ಲ. ಗಟ್ಟಿಮುಟ್ಟಾದವರು ಬೇಗ ಬೇಗ ಹತ್ತಿ ಬೇಗ ಕಾಯಿಲೆ ಬೀಳುವುದೂ ಉಂಟು. ಯಾರಿಗೆ ಬರುತ್ತದೆ ಎಂದು ಊಹಿಸಲು ಇರುವ ಒಳ್ಳೆಯ ಗುರುತು, ಹಿಂದೆ ಬಂದಿತ್ತೇ ಎಂಬುದು.

ಇನ್ನು ವೇಳಾಪಟ್ಟಿ. ವಿಮಾನದಲ್ಲಿ ನೇರ ಲೇಹ್, 3,500 ಮೀಟರ್, ಅಲ್ಲಿ ಎರಡು ರಾತ್ರಿ. ಮೂರನೇ ರಾತ್ರಿ 4,100, ನಾಲ್ಕನೆಯದು ನಿಮಾಲಿಂಗ್‌ನಲ್ಲಿ 4,800, ಐದನೆಯದು ಬೇಸ್ ಕ್ಯಾಂಪಿನಲ್ಲಿ 5,100. ಅಲ್ಲಿಂದ ಮಧ್ಯರಾತ್ರಿ ಶಿಖರಕ್ಕೆ. ಪರ್ವತ ವೈದ್ಯರ ಲೆಕ್ಕ ಬೇರೆ ಇದೆ: 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ರಾತ್ರಿಗೆ 500 ಮೀಟರಿಗಿಂತ ಹೆಚ್ಚು ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕು. ಇಲ್ಲಿ ಒಮ್ಮೆ 600, ಮರುದಿನವೇ 700. ಲೇಹ್ ಬಿಟ್ಟ ಮೇಲೆ ನಿಲ್ಲುವ ದಿನ ಒಂದೂ ಇಲ್ಲ. ಹೋದ ವರ್ಷ ತೂರಾಡಿದವರಿಗೆ ಕನಿಷ್ಠ ನಾಲ್ಕು ರಾತ್ರಿ ಇದರಲ್ಲಿ ಸೇರಬೇಕು, ಹವಾಮಾನಕ್ಕೆಂದು ಮತ್ತೊಂದು ದಿನ. ಸುಮಾರು 6,250 ಮೀಟರಿನ ಆ ತುದಿಯಲ್ಲಿ ಗಾಳಿಯ ಒತ್ತಡ ಕಾರವಾರದ ಅರ್ಧಕ್ಕೂ ಕಮ್ಮಿ. ದೇಹ ಅದಕ್ಕೆ ಹೊಂದಿಕೊಳ್ಳುವುದು ತನ್ನ ವೇಗದಲ್ಲಿ, ಬ್ಯಾಂಕಿನ ರಜೆಯ ಲೆಕ್ಕದಲ್ಲಿ ಅಲ್ಲ.

ಎತ್ತರದ ಕಾಯಿಲೆ ತಡೆಯಲು ಅಸೆಟಜೋಲಮೈಡ್ ಮಾತ್ರೆ, ಅಂದರೆ ಡಯಾಮಾಕ್ಸ್, ಏರುವ ಹಿಂದಿನ ದಿನದಿಂದ 125 ಮಿಲಿಗ್ರಾಂನಂತೆ ದಿನಕ್ಕೆರಡು ಸಲ ಕೊಡುವ ರೂಢಿಯಿದೆ. ಸಲ್ಫಾ ಗುಂಪಿನ ಮದ್ದುಗಳ ಅಲರ್ಜಿ ಇದ್ದರೆ ತೊಂದರೆಯಾಗಬಹುದು, ವೈದ್ಯರಿಗೆ ಹಂಪ್ತಾದ ಕತೆ ಪೂರ್ತಿ ಹೇಳಿಯೇ ಬರೆಸಿಕೊಳ್ಳಬೇಕು. 'ಗ್ಯಾಸ್ಟ್ರಿಕ್' ಎಂದರೆ ಅವರು ಬರೆದುಕೊಡುವುದು ಬೇರೆ ಮಾತ್ರೆ.

ಅಲ್ಲಿ ಅಂಥದ್ದೇನಿದೆ ಎಂದು ನಿಮಗನಿಸಬಹುದು. ಇರುಳಲ್ಲಿ ತಲೆದೀಪದ ಬೆಳಕಿನಷ್ಟೇ ಲೋಕ, ಒಂದು ಹೆಜ್ಜೆಗೆ ಎರಡು ಉಸಿರು, ಬೂಟಿಗೆ ಕಟ್ಟಿದ ಕ್ರ್ಯಾಂಪಾನ್‌ನ ಉಕ್ಕಿನ ಹಲ್ಲು ಗಟ್ಟಿ ಹಿಮಕ್ಕೆ ಕಚ್ಚುವ ಸದ್ದು. ಸಾಲದ ಕಡತ, ಟಾರ್ಗೆಟ್ ಯಾವುದೂ ತಲೆಯಲ್ಲಿರುವುದಿಲ್ಲ. ಈ ಸೆಳೆತ ನಿಜವಾದದ್ದು, ನಿಮ್ಮ ಮೇಲಿನ ಅಸಡ್ಡೆಯಿಂದ ಬಂದದ್ದಲ್ಲ. ಅಪಾಯವೂ ಅದರ ಬೆನ್ನಿಗೇ ಇದೆ. ದುಡ್ಡು ಕಟ್ಟಿದೆ, ರಜೆ ಹಾಕಿದೆ, ತುದಿ ಕಣ್ಣೆದುರಿದೆ ಅಂದಾಗ ಹಿಂತಿರುಗಲು ಮನಸ್ಸು ಬರುವುದಿಲ್ಲ. 1996ರ ಮೇ 10ರಂದು ಎವರೆಸ್ಟ್‌ನಲ್ಲಿ ಹಿಂತಿರುಗಬೇಕಾದ ಹೊತ್ತು ಮೀರಿದ ಮೇಲೂ ಹಲವರು ಹತ್ತುತ್ತಲೇ ಇದ್ದರು. ಇಳಿಯುವಾಗ ಬಿರುಗಾಳಿ ಹಿಡಿಯಿತು. ಪರ್ವತದ ಎರಡು ಬದಿ ಸೇರಿ ಎಂಟು ಮಂದಿ ಸತ್ತರು. ಅಷ್ಟು ಎತ್ತರವೇ ಬೇಕೆಂದಿಲ್ಲ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣದಲ್ಲಿ ಕೆಟ್ಟ ಹವೆಗೆ ಸಿಕ್ಕಿ ನಮ್ಮ ರಾಜ್ಯದ ತಂಡದ 9 ಮಂದಿ ತೀರಿಹೋದರು. ಬಿರುಗಾಳಿ ಮುನ್ಸೂಚನೆ ಬಂದಾಗ ಬೈತಖೋಲ್‌ನಲ್ಲಿ ದೋಣಿ ಕಟ್ಟಿ ಕೂತವನನ್ನು ಯಾರೂ ಪುಕ್ಕಲ ಅನ್ನುವುದಿಲ್ಲ. ಬೆಟ್ಟದಲ್ಲೂ ಆ ಮರ್ಯಾದೆ ಬೇಕು.

ಹಾಗಾಗಿ ನಮ್ಮ ಮಾತು: ಈ ಆಗಸ್ಟ್ ಬೇಡ. ಪರ್ವತವೇ ಬೇಡ ಅಂದರೆ ಅವರು ಸುಳ್ಳು ಹೇಳಿ ಹೋಗುತ್ತಾರೆ, ಅದು ಇನ್ನೂ ಕೆಟ್ಟದ್ದು. ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯಲ್ಲೋ ಮನಾಲಿಯಲ್ಲೋ ಸುಮಾರು ನಾಲ್ಕು ವಾರದ ಬೇಸಿಕ್ ಕೋರ್ಸ್ ಇದೆ. ಹಗ್ಗ, ಐಸ್ ಆ್ಯಕ್ಸ್, ಜಾರಿದಾಗ ತಡೆದುಕೊಳ್ಳುವ ಬಗೆ ಅಲ್ಲಿ ಕೈಗೆ ಹತ್ತುತ್ತದೆ. ವಯಸ್ಸಿನ ಮಿತಿ ಇರುತ್ತದೆ, ಬೇಗ ವಿಚಾರಿಸಲಿ. ಅಷ್ಟು ರಜೆ ಸಿಗದಿದ್ದರೆ 5,000 ಮೀಟರಿನೊಳಗಿನ ಇನ್ನೊಂದು ಚಾರಣವನ್ನು ನಿಧಾನವಾಗಿ ಮಾಡಿ ದೇಹ ಹೇಗಿರುತ್ತದೆ ನೋಡಲಿ.

ಮಗಳನ್ನು ಮುಂದೆ ನಿಲ್ಲಿಸಿ ಜಗಳ ತೆಗೆಯಬೇಡಿ. ಸ್ನೇಹಿತರಿಲ್ಲದ ಹೊತ್ತಿನಲ್ಲಿ 'ಹಂಪ್ತಾದಲ್ಲಿ ಆ ಬೆಳಿಗ್ಗೆ ಏನಾಯ್ತು, ಪೂರ್ತಿ ಹೇಳಿ' ಅನ್ನಿ, ನಡುವೆ ಬಾಯಿ ಹಾಕಬೇಡಿ. ನಿಜ ಹೇಳಿದರೆ ಈ ವೇಳಾಪಟ್ಟಿ ತೆಗೆದು ಇಬ್ಬರೂ ಲೆಕ್ಕ ಹಾಕಬಹುದು. ಆಗಲೂ ಗ್ಯಾಸ್ಟ್ರಿಕ್ಕೇ ಆದರೆ ಗಟ್ಟಿಯಾಗಿ ಬೇಡ ಅನ್ನಿ: ಹೆಂಡತಿಯ ಹತ್ತಿರ ಮುಚ್ಚಿಟ್ಟವರು ಗೈಡ್ ಹತ್ತಿರವೂ ಮುಚ್ಚಿಡುತ್ತಾರೆ, ಗೈಡ್‌ಗೆ ಗೊತ್ತಾಗದ ಕಾಯಿಲೆಗೆ ಬೇಸ್ ಕ್ಯಾಂಪಿನಲ್ಲಿ ಮದ್ದಿಲ್ಲ.

ಮುಂಗಡವನ್ನು ಮುಂದಿನ ವರ್ಷಕ್ಕೆ ಹೊಂದಿಸಿಕೊಡುತ್ತಾರೆಯೇ ಎಂದು ಈಗಲೇ ಕೇಳಲಿ. ವಿಮೆ ಪತ್ರ ತೆಗೆದು ನೋಡಿ, ಪರ್ವತಾರೋಹಣವನ್ನು ಹೊರಗಿಟ್ಟ ಪಾಲಿಸಿಗಳು ಬಹಳ. ಅತ್ತೆಗೆ ನೀವು ಹೇಳಲು ಹೋಗಬೇಡಿ. ಹೊರಡುವವರು ನಿಮ್ಮವರು, ಅವರೇ ಹೇಳಲಿ.